ಒಂದೇ ಬೀದಿ, ಎರಡು ವಲಸೆ

ಫೆಬ್ರವರಿಯ ಒಂದು ಶನಿವಾರ, ಬೆಳಗಿನ ಹತ್ತು ಗಂಟೆ. ರಾತ್ರಿ ಸುರಿದ ಮಳೆಗೆ ಫ್ರೀಮಾಂಟ್ ಬುಲೆವಾರ್ಡ್ ಇನ್ನೂ ಒದ್ದೆಯಾಗಿದೆ. ವರ್ಷದ ಬಹುಪಾಲು ಒಣಗಿ ಕಂದಾಗಿರುವ ಮಿಷನ್ ಪೀಕ್ ಗುಡ್ಡ ಈಗ ಬುಡದಿಂದ ನೆತ್ತಿಯವರೆಗೆ ಹಸಿರು. ನೀವು ನಿಂತಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದ ಸೆಂಟರ್‌ವಿಲ್ ಪೇಟೆಯಲ್ಲಿ. ಐದು ಹಳೆಯ ಊರುಗಳನ್ನು ಸೇರಿಸಿ 1956ರಲ್ಲಿ ಈ ನಗರ ಮಾಡಿದರು. ಸೆಂಟರ್‌ವಿಲ್ ಆ ಐದರಲ್ಲೊಂದು. ಈಗ ಜನ ಇದನ್ನು ಲಿಟಲ್ ಕಾಬೂಲ್ ಎಂದು ಕರೆಯುತ್ತಾರೆ.

ಮೈವಂದ್ ಮಾರ್ಕೆಟ್ಟಿನ ಬಾಗಿಲು ತಳ್ಳಿ ಒಳಗೆ ಬನ್ನಿ. ಬೆಂದ ಹಿಟ್ಟಿನ ವಾಸನೆ, ಅದರ ಜೊತೆ ಏಲಕ್ಕಿ. ಕಪಾಟಿನಲ್ಲಿ ಹಸಿರು ಒಣದ್ರಾಕ್ಷಿ, ಬಾದಾಮಿ, ಬಾಸ್ಮತಿ ಅಕ್ಕಿಯ ಚೀಲಗಳು. ಸಾಲಿನಲ್ಲಿ ನಿಂತವರೆಲ್ಲ ಕಾಯುತ್ತಿರುವುದು ಬಿಸಿ ನಾನ್‌ಗೆ. ಒಂದೊಂದೂ ಮೊಳದುದ್ದ, ಮೇಲೆ ಬೆರಳಿನಿಂದ ಎಳೆದ ಗೆರೆ, ಗೆರೆಗಳ ನಡುವೆ ಕರಿಜೀರಿಗೆ. ನಿಮ್ಮ ಮುಂದೆ ಕರಕುಲ್ ಟೋಪಿಯ ಅಜ್ಜ. ಹಿಂದೆ ಮಕ್ಕಳ ಶಾಲೆಯ ರೇಟಿಂಗ್ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿರುವ ಗಂಡ ಹೆಂಡತಿ. ಫ್ರೀಮಾಂಟ್‌ನಲ್ಲಿ ಇದು ಆಶ್ಚರ್ಯವಲ್ಲ. ಶನಿವಾರ ಬೆಳಿಗ್ಗೆ ಈ ಊರಿನ ಯಾವ ಸಾಲಿನಲ್ಲಿ ನಿಂತರೂ ಒಂದಿಷ್ಟು ಕನ್ನಡ ಕಿವಿಗೆ ಬೀಳುತ್ತದೆ.

ನಿಮ್ಮ ಪಕ್ಕದಲ್ಲಿರುವ ನಡುವಯಸ್ಸಿನವರು ತಾವಾಗಿಯೇ ಹಿಂದಿಯಲ್ಲಿ ಮಾತಿಗಿಳಿಯುತ್ತಾರೆ. "ಹಿಂದೂಸ್ತಾನದವರಾ, ಭಾಯಿ ಜಾನ್?" ಹಿಂದಿ ಎಲ್ಲಿ ಕಲಿತಿರಿ ಎಂದರೆ ನಗು. ಕಾಬೂಲಿನಲ್ಲಿ ಭಾರತದ ತುಳಸಿಯ ಧಾರಾವಾಹಿ ಬರುವ ಹೊತ್ತಿಗೆ ಬೀದಿ ಖಾಲಿಯಾಗುತ್ತಿತ್ತು ಎನ್ನುತ್ತಾರೆ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಅಮೆರಿಕದ ಸೈನ್ಯಕ್ಕೆ ರಸ್ತೆ ಕೆಲಸದಲ್ಲಿ ದುಭಾಷಿಯಾಗಿದ್ದರು. ಆ ಸೇವೆಗೆಂದೇ ಇದ್ದ ಎಸ್‌ಐವಿ ವೀಸಾದಲ್ಲಿ ಹತ್ತು ಹನ್ನೆರಡು ವರ್ಷದ ಹಿಂದೆ ಇಲ್ಲಿಗೆ ಬಂದರು. ಬಂದ ದಿನವೇ ಹಸಿರು ಕಾರ್ಡಿನ ಹಕ್ಕು, ಐದು ವರ್ಷಕ್ಕೆ ಪೌರತ್ವ. ಇಲ್ಲಿ ಅವರ ಡಿಗ್ರಿಗೆ ಬೆಲೆ ಸಿಗಲಿಲ್ಲ. ಕಾರು ಓಡಿಸುತ್ತಾರೆ, ದಿನಕ್ಕೆ ಹನ್ನೆರಡು ಗಂಟೆ. ದೊಡ್ಡ ಮಗಳು ಇದೇ ಊರಿನ ಓಲೋನಿ ಕಾಲೇಜಿನಲ್ಲಿ ಓದುತ್ತಿದ್ದಾಳೆ.

ತಮ್ಮನ ವಿಷಯಕ್ಕೆ ಬಂದಾಗ ದನಿ ತಗ್ಗುತ್ತದೆ. ಅವನು ಬಂದದ್ದು 2021ರ ಆಗಸ್ಟಿನಲ್ಲಿ, ಕಾಬೂಲ್ ವಿಮಾನ ನಿಲ್ದಾಣದ ನೂಕುನುಗ್ಗಲಿನಿಂದ. ಆ ವರ್ಷ ಅಮೆರಿಕ 76,000ಕ್ಕೂ ಹೆಚ್ಚು ಅಫ್ಘನ್ನರನ್ನು ಕರೆತಂದಿತು. ಅವರಲ್ಲಿ ಬಹುತೇಕರಿಗೆ ಸಿಕ್ಕಿದ್ದು ಎರಡು ವರ್ಷದ ಪರೋಲ್, ಅಂದರೆ ಇರಲು ಅನುಮತಿ ಮಾತ್ರ, ನೆಲೆಸುವ ಹಕ್ಕಲ್ಲ. ತಮ್ಮ ಟ್ರೇಸಿ ಎಂಬ ಊರಿನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಹೆಂಡತಿ ಮಕ್ಕಳು ಇಸ್ಲಾಮಾಬಾದಿನ ಬಾಡಿಗೆ ಕೋಣೆಯಲ್ಲಿದ್ದಾರೆ. ಸಂಬಳದ ದೊಡ್ಡ ಭಾಗ ಅಲ್ಲಿಗೆ ಹೋಗುತ್ತದೆ. ಪಾಕಿಸ್ತಾನ 2023ರಿಂದ ಅಫ್ಘನ್ನರನ್ನು ಗಡಿಯಾಚೆ ತಳ್ಳುತ್ತಿದೆ. 2025ರ ಜೂನ್‌ನಲ್ಲಿ ಅಮೆರಿಕ ಅಫ್ಘಾನಿಸ್ತಾನದವರ ಪ್ರವೇಶವನ್ನು ನಿಷೇಧಿಸಿತು, ಜುಲೈನಲ್ಲಿ ಅಫ್ಘನ್ನರಿಗಿದ್ದ ತಾತ್ಕಾಲಿಕ ರಕ್ಷಣೆ ಕೊನೆಗೊಂಡಿತು. ನವೆಂಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಇಬ್ಬರು ನ್ಯಾಷನಲ್ ಗಾರ್ಡ್ ಸೈನಿಕರ ಮೇಲೆ ಗುಂಡು ಹಾರಿಸಿದ ಆರೋಪ ಒಬ್ಬ ಅಫ್ಘನ್ನನ ಮೇಲೆ ಬಂತು. ಅದೇ ರಾತ್ರಿ ಎಲ್ಲ ಅಫ್ಘನ್ನರ ವಲಸೆ ಅರ್ಜಿಗಳನ್ನೂ ನಿಲ್ಲಿಸಿದರು.

"ಗುಂಡು ಹೊಡೆದವನು ಒಬ್ಬ. ಫೈಲು ಮುಚ್ಚಿದ್ದು ನಮ್ಮೆಲ್ಲರದು" ಎನ್ನುತ್ತಾರೆ. ನಾನ್ ಬಂತು. ನಾಲ್ಕು ಕಟ್ಟಿಸಿಕೊಂಡು, ನಿಮಗೂ ಒಂದು ಕೊಡಿಸುತ್ತೇನೆಂದು ಹಟ ಹಿಡಿದು, ಕೊಡಿಸಿಯೇ ಹೊರಡುತ್ತಾರೆ.

ಒಂದೇ ತಾಯಿಯ ಮಕ್ಕಳು, ಒಂದೇ ಊರು, ಒಂದೇ ಭಾಷೆ, ಒಂದೇ ದುಡಿಮೆಯ ಗುಣ. ಅಣ್ಣ ಇಂದು ವೋಟು ಹಾಕುತ್ತಾನೆ. ತಮ್ಮ ಬಾಡಿಗೆ ಕರಾರಿಗೆ ಸಹಿ ಹಾಕಲೂ ಹೆದರುತ್ತಾನೆ. ಅಫ್ಘನ್ನರು ಹೇಗಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಇಬ್ಬರನ್ನು ನೆನೆಯುತ್ತೇನೆ.

ಈ ಪ್ರಶ್ನೆ ಇಲ್ಲಿ ಆಗಾಗ ಬರುತ್ತದೆ, ಹೋಲಿಕೆಯ ರೂಪದಲ್ಲೇ ಬರುತ್ತದೆ. ಫ್ರೀಮಾಂಟಿನ ಕನ್ನಡ ಮನೆಗಳಲ್ಲಿ ಊಟದ ಮೇಜಿನ ಮೇಲೂ ಈ ಮಾತು ಕೇಳಿದ್ದೇನೆ: ಅಫ್ಘನ್ನರು ನಲವತ್ತು ವರ್ಷದಿಂದ ಇಲ್ಲಿದ್ದಾರೆ, ಇನ್ನೂ ಟ್ಯಾಕ್ಸಿ, ಇನ್ನೂ ಸರ್ಕಾರದ ನೆರವು, ಜಪಾನಿಯರನ್ನು ನೋಡಿ, ಸೆರೆಶಿಬಿರದಿಂದ ಬರಿಗೈಲಿ ಬಂದವರು ಹೇಗೆ ಮೇಲೆ ಬಂದರು! ಹೇಳುವವರಿಗೆ ಕೆಡುಕೆಣಿಸುವ ಉದ್ದೇಶವಿಲ್ಲ. ಅಂಕಿಅಂಶವೂ ಮೇಲ್ನೋಟಕ್ಕೆ ಅವರ ಪರ. ಜಪಾನೀ ಮೂಲದವರ ನಡುಮಟ್ಟದ ಆದಾಯ ಅಮೆರಿಕದ ಒಟ್ಟು ನಡುಮಟ್ಟಕ್ಕಿಂತ ಮೇಲಿದೆ, ಅವರಲ್ಲಿ ಬಡತನ ಕಡಿಮೆ. ಅಫ್ಘನ್ ವಲಸಿಗರಲ್ಲಿ ಬಡತನ ದೇಶದ ಸರಾಸರಿಗಿಂತ ಬಹಳ ಹೆಚ್ಚು. ಈ ಅಂತರದ ಕಾರಣ ಹುಡುಕಲು ಈ ಪೇಟೆಯಿಂದ ದೂರ ಹೋಗಬೇಕಿಲ್ಲ. ಬೀದಿ ಹಿಡಿದು ರೈಲು ನಿಲ್ದಾಣದ ಕಡೆ ನಡೆಯಿರಿ.

ದಾರಿಯಲ್ಲಿ ವಾಷಿಂಗ್ಟನ್ ಹೈಸ್ಕೂಲು ಎಲ್ಲಿದೆಯೆಂದು ಕೇಳಿ ತಿಳಿದುಕೊಳ್ಳಿ, ಇದೇ ಬುಲೆವಾರ್ಡಿನಲ್ಲಿದೆ. ಸುತ್ತಲಿನ ಊರುಗಳಿಗೆಲ್ಲ ಇದೊಂದೇ ಹೈಸ್ಕೂಲಾಗಿದ್ದ ಕಾಲದಲ್ಲಿ ಇಲ್ಲಿನ ತರಗತಿಗಳಲ್ಲಿ ಜಪಾನೀ ರೈತರ ಮಕ್ಕಳು ಕೂರುತ್ತಿದ್ದರು. ಆಗ ಇದೆಲ್ಲ ಹೊಲ: ಟೊಮ್ಯಾಟೊ, ಹೂಕೋಸು, ಸ್ಟ್ರಾಬೆರಿ. ಆ ಮಕ್ಕಳು ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. 1942ರ ಮೇ ತಿಂಗಳಲ್ಲಿ ಅವರ ಬೆಂಚುಗಳು ಖಾಲಿಯಾದವು.

ಮೇ 9, 1942. ಸೆಂಟರ್‌ವಿಲ್‌ನ ಇದೇ ಪೇಟೆಗೆ ಬಸ್ಸುಗಳು ಬಂದವು. ಸರ್ಕಾರವೇ ನೇಮಿಸಿದ್ದ ಛಾಯಾಗ್ರಾಹಕಿ ಡೊರೋಥಿಯಾ ಲ್ಯಾಂಗ್ ಕ್ಯಾಮೆರಾ ಹಿಡಿದು ಇಲ್ಲಿ ನಿಂತಿದ್ದಳು. ಅವಳ ಚಿತ್ರಗಳಲ್ಲಿ ರೈತ ಕುಟುಂಬಗಳು ಬಸ್ಸು ಹತ್ತುತ್ತಿವೆ. ಹಿಂದಿನ ದಿನ, ಮೇ 8ಕ್ಕೆ, ಪಕ್ಕದ ಹೇವರ್ಡ್‌ನಲ್ಲಿ ಅವಳು ತೆಗೆದ ಚಿತ್ರ ಇನ್ನೂ ಹೆಸರಾಗಿದೆ: ಮೊಚಿದಾ ಕುಟುಂಬ ಸಾಮಾನಿನ ಗಂಟುಗಳ ಪಕ್ಕ ಸಾಲಾಗಿ ನಿಂತಿದೆ, ಪುಟ್ಟ ಹುಡುಗಿಯರ ಕೋಟಿನ ಮೇಲೂ ಗುರುತಿನ ಚೀಟಿ. ಐದು ಗ್ರೀನ್‌ಹೌಸುಗಳಲ್ಲಿ ಹೂ ಬೆಳೆಯುತ್ತಿದ್ದ ಮನೆಯವರು ಅವರು. ಯುದ್ಧ ಮುಗಿಯುವವರೆಗೂ ಈ ಚಿತ್ರಗಳು ಹೊರಗೆ ಬಾರದಂತೆ ಸೈನ್ಯ ತಡೆದಿಟ್ಟಿತು.

ಬಸ್ಸು ಹೋದದ್ದು ಕೊಲ್ಲಿಯ ಆಚೆ ದಡದ ಟ್ಯಾನ್‌ಫೊರಾನ್ ರೇಸ್‌ಕೋರ್ಸಿಗೆ. ಎಷ್ಟೋ ಸಂಸಾರಗಳಿಗೆ ಸಿಕ್ಕ ಮನೆ ಕುದುರೆಲಾಯದ ಒಂದು ಕೊಟ್ಟಿಗೆ. ಮೇಲೆ ಸುಣ್ಣ ಹೊಡೆದಿದ್ದರು, ಕೆಳಗಿನ ವಾಸನೆ ಹೋಗಿರಲಿಲ್ಲ. ಅಲ್ಲಿಂದ ಯೂಟಾ ಮರುಭೂಮಿಯ ಟೋಪಾಜ್ ಶಿಬಿರ. ಅಧ್ಯಕ್ಷ ರೂಸ್‌ವೆಲ್ಟ್ ಫೆಬ್ರವರಿ 19ರಂದು ಸಹಿ ಹಾಕಿದ್ದ 9066ನೇ ಆಜ್ಞೆಯ ಪ್ರಕಾರ ಹೀಗೆ ಕೂಡಿಹಾಕಿದವರು ಸುಮಾರು 1,20,000 ಜನ. ಮೂರರಲ್ಲಿ ಇಬ್ಬರು ಅಮೆರಿಕದ ಪ್ರಜೆಗಳು. ಆಜ್ಞೆಗೆ ಕಾರಣ ಭಯವಷ್ಟೇ ಆಗಿರಲಿಲ್ಲ. ಜಪಾನೀ ರೈತರನ್ನು ಓಡಿಸುವುದು ನಮ್ಮ ಸ್ವಾರ್ಥಕ್ಕಾಗಿಯೇ ಎಂದು ಸಲೀನಾಸ್ ತರಕಾರಿ ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬ ಅದೇ ವರ್ಷ ಪತ್ರಿಕೆಯೊಂದಕ್ಕೆ ಬಾಯಿಬಿಟ್ಟು ಹೇಳಿದ.

ಅಂದು ಜಪಾನಿಯರನ್ನು ಬಸ್ಸಿಗೆ ತುಂಬಿ ಒಯ್ದ ಊರಿನಲ್ಲೇ ಇಂದು ಅಫ್ಘನ್ನರು ನಾನ್ ಬೇಯಿಸುತ್ತಿದ್ದಾರೆ. ಈ ಎರಡು ಸಮುದಾಯಗಳನ್ನು ಕಟ್ಟಿಹಾಕುವ ಇನ್ನೊಂದು ಗಂಟಿದೆ, ಅದರಲ್ಲಿ ನಾವೂ ಸಿಕ್ಕಿಕೊಂಡಿದ್ದೇವೆ. ಬಿಳಿಯರಿಗೆ ಮತ್ತು ಆಫ್ರಿಕ ಮೂಲದವರಿಗೆ ಮಾತ್ರ ವಲಸಿಗರಾಗಿ ಬಂದು ಪೌರರಾಗುವ ಹಕ್ಕಿದ್ದ ಕಾಲ ಅದು. 1922ರಲ್ಲಿ ಸುಪ್ರೀಂ ಕೋರ್ಟು ತಕಾವೊ ಒಜಾವಾ ಎಂಬ ಜಪಾನಿಯನಿಗೆ, ನೀನು ಬಿಳಿಯನಲ್ಲ, ಪೌರತ್ವವಿಲ್ಲ ಎಂದಿತು. ಮರುವರ್ಷ ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನಿಗೂ ಅದೇ ಉತ್ತರ. 1928ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮುಂದೆ ಫಿರೋಜ್ ದೀನ್ ಎಂಬ ಅಫ್ಘನ್ ಬಂದ. ಅವನ ಅರ್ಜಿಯನ್ನೂ ಅದೇ ಕಾರಣ ಕೊಟ್ಟು ತಳ್ಳಿಹಾಕಿದರು. ಜಪಾನೀ, ಭಾರತೀಯ, ಅಫ್ಘನ್: ಆರು ವರ್ಷಗಳೊಳಗೆ ಮೂವರಿಗೂ ಮುಚ್ಚಿದ್ದು ಒಂದೇ ಬಾಗಿಲು.

ಪೌರತ್ವ ಇಲ್ಲದಿದ್ದರೆ ಏನು ಹೋಯಿತು ಎನ್ನಬಹುದು. ಹೊಲ ಹೋಯಿತು. ಪೌರರಾಗಲು ಅರ್ಹರಲ್ಲದ ಪರದೇಶಿಗಳು ಜಮೀನು ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಮೂರು ವರ್ಷದ ಗುತ್ತಿಗೆಗೆ ಮಾತ್ರ ಅವಕಾಶ ಉಳಿಯಿತು. 1920ರಲ್ಲಿ ಅದನ್ನೂ ಕಿತ್ತುಕೊಂಡರು. ಜಪಾನಿಯರು ಇಲ್ಲೇ ಹುಟ್ಟಿದ ಮಗುವಿನ ಹೆಸರಿನಲ್ಲಿ, ನಂಬಿಕಸ್ಥ ಬಿಳಿಯ ವಕೀಲರ ಹೆಸರಿನಲ್ಲಿ ನೆಲ ಹಿಡಿದರು. ಬ್ಯಾಂಕು ಸಾಲ ಕೊಡದಿದ್ದಾಗ ತಾನೊಮೊಶಿ ಕೂಡಿಸಿದರು: ಹತ್ತಾರು ಮಂದಿ ತಿಂಗಳು ತಿಂಗಳು ದುಡ್ಡು ಹಾಕುವುದು, ಸರದಿಯಂತೆ ಒಬ್ಬೊಬ್ಬರು ಎತ್ತುವುದು, ನಮ್ಮ ಓಣಿಗಳ ಚೀಟಿಯ ಹಾಗೆ. ಯುದ್ಧಕ್ಕೆ ಮೊದಲು ಈ ರಾಜ್ಯದ ಸ್ಟ್ರಾಬೆರಿಯಲ್ಲಿ ಬಹುಪಾಲು ಅವರ ಕೈಯದ್ದೇ ಆಗಿತ್ತು. ಈ ಭಾಗವನ್ನು ಓದುವಾಗ ನನಗೆ ಅವರ ಬಗ್ಗೆ ಮೆಚ್ಚುಗೆಗಿಂತ ಮೊದಲು ಸಿಟ್ಟು ಬರುತ್ತದೆ, ಅವರ ಪರವಾಗಿ.

ಸೆಂಟರ್‌ವಿಲ್ ನಿಲ್ದಾಣಕ್ಕೆ ಕ್ಯಾಪಿಟಲ್ ಕಾರಿಡಾರ್ ರೈಲು ಬಂತು, ಹತ್ತಿ. ಊರು ಮುಗಿದು ಕೊಲ್ಲಿಯ ಅಂಚಿನ ಜೌಗು ಶುರುವಾಗುತ್ತದೆ. ಉಪ್ಪಿನ ಮಡುಗಳು, ನೀರಿನಲ್ಲಿ ಒಂಟಿಕಾಲಿನ ಬೆಳ್ಳಕ್ಕಿ, ಡ್ರಾಬ್ರಿಜ್ ಎಂಬ ಪಾಳುಬಿದ್ದ ಹಳ್ಳಿಯ ವಾಲಿದ ಮರದ ಗುಡಿಸಲುಗಳು. ಆಲ್ವಿಸೊ ದಾಟಿದರೆ ಗಾಜಿನ ಆಫೀಸುಗಳು, ನಮ್ಮ ಎಷ್ಟೋ ಮಕ್ಕಳು ಕೆಲಸ ಮಾಡುವ ಕಟ್ಟಡಗಳು. ಐವತ್ತರ ದಶಕದವರೆಗೂ ಈ ಕಣಿವೆ ಏಪ್ರಿಕಾಟ್ ಮತ್ತು ಪ್ಲಮ್ ತೋಟಗಳ ನಾಡು. ಆ ಹಣ್ಣು ಕೊಯ್ಯಲು ಬಂದ ಜಪಾನೀ ಕೂಲಿಗಳೇ ನೀವೀಗ ನೋಡಲಿರುವ ಪೇಟೆಯನ್ನು ಕಟ್ಟಿದವರು.

ಸ್ಯಾನ್ ಹೊಸೆಯ ಡಿರಿಡಾನ್ ನಿಲ್ದಾಣದಲ್ಲಿ ಇಳಿದು, ಹಸಿರು ಗೆರೆಯ ಲೈಟ್ ರೈಲು ಹಿಡಿದು, ಜಪಾನ್‌ಟೌನ್ ನಿಲ್ದಾಣದಿಂದ ಪೂರ್ವಕ್ಕೆ ನಾಲ್ಕೈದು ಬೀದಿ ನಡೆಯಿರಿ. ಜ್ಯಾಕ್ಸನ್ ಬೀದಿ. ಪಕ್ಕದಲ್ಲಿ ಪ್ಲಮ್ ಮರಗಳು ಎಲೆಗೆ ಮೊದಲೇ ಗುಲಾಬಿ ಹೂ ಬಿಟ್ಟು ನಿಂತಿವೆ. ಅಮೆರಿಕದಲ್ಲಿ ಉಳಿದಿರುವ ಮೂರೇ ಮೂರು ಜಪಾನ್‌ಟೌನ್‌ಗಳಲ್ಲಿ ಇದೊಂದು. ಶೂಯೆಡೊ ಅಂಗಡಿಯಲ್ಲಿ ಮಂಜು ಮಾರುತ್ತಾರೆ: ಹಿಟ್ಟಿನೊಳಗೆ ಸಿಹಿ ಕೆಂಪು ಬೀನ್ಸ್ ಹೂರಣ. ಐದನೇ ಬೀದಿಗೆ ತಿರುಗಿದರೆ 1937ರಲ್ಲಿ ಕಟ್ಟಿದ ಬೌದ್ಧ ದೇಗುಲ, ಅದರ ಬಾಗಿದ ಚಾವಣಿ. ಹತ್ತಿರದಲ್ಲೇ 1910ರ ಕುವಬಾರಾ ಆಸ್ಪತ್ರೆಯ ಕಟ್ಟಡ. ಊರಿನ ಆಸ್ಪತ್ರೆಗಳು ತಮ್ಮನ್ನು ಸರಿಯಾಗಿ ನೋಡದ ಕಾಲದಲ್ಲಿ ಜಪಾನಿಯರು ತಾವೇ ಕಟ್ಟಿಕೊಂಡದ್ದು. ಬೀದಿ ಚೊಕ್ಕಟವಾಗಿದೆ, ನಿಧಾನವಾಗಿದೆ. ಓಡಾಡುವವರಲ್ಲಿ ತಲೆ ನರೆತವರೇ ಹೆಚ್ಚು. ಹಿರಿಯರಿಗೆ ಊಟ, ವ್ಯಾಯಾಮ, ಜೊತೆ ಕೊಡುವ ಯು-ಐ ಕಾಯ್ ಎಂಬ ಕೇಂದ್ರ ಇದೆ. ಸೆಂಟರ್‌ವಿಲ್‌ನಲ್ಲಿ ತಳ್ಳುಗಾಡಿಯ ಕೂಸುಗಳನ್ನು ನೋಡಿಬಂದ ಕಣ್ಣಿಗೆ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ.

ಅಂಕಿಗಳ ಗುಟ್ಟು ಇದರಲ್ಲೇ ಇದೆ. ಅಮೆರಿಕದ 15 ಲಕ್ಷಕ್ಕೂ ಹೆಚ್ಚು ಜಪಾನೀ ಮೂಲದವರಲ್ಲಿ ಹೊರದೇಶದಲ್ಲಿ ಹುಟ್ಟಿದವರು ನಾಲ್ಕರಲ್ಲಿ ಒಬ್ಬರಷ್ಟೇ. ಮಿಕ್ಕವರು ನಿಸೇ, ಸಾನ್ಸೇ, ಯೋನ್ಸೇ, ಅಂದರೆ ಎರಡು, ಮೂರು, ನಾಲ್ಕನೇ ತಲೆಮಾರು. ದಂತವೈದ್ಯರು, ಶಿಕ್ಷಕರು, ಎಂಜಿನಿಯರರು. ಹೊರಗಿನವರನ್ನು ಮದುವೆಯಾದವರೂ ಬಹಳ. ಅಫ್ಘನ್ ವಲಸಿಗರು 2022ರ ಹೊತ್ತಿಗೆ ಎರಡು ಲಕ್ಷದ ಹತ್ತಿರ, ಅವರಲ್ಲಿ ದೊಡ್ಡ ಪಾಲು ನಿನ್ನೆ ಮೊನ್ನೆ ಬಂದವರು. ಯೋನ್ಸೇ ಡಾಕ್ಟರನ ಸಂಬಳವನ್ನು ಟ್ರೇಸಿ ಗೋದಾಮಿನ ಹುಡುಗನ ಸಂಬಳದ ಪಕ್ಕದಲ್ಲಿಟ್ಟು ಸಮುದಾಯಗಳ ಗುಣ ಅಳೆಯುವುದು ತಪ್ಪು. ಹೋಲಿಸಲೇಬೇಕಾದರೆ ವಲಸೆಯ ವಯಸ್ಸಿಗೆ ವಯಸ್ಸು ಹೋಲಿಸಬೇಕು. ಮೂವತ್ತರ ದಶಕದ ಜಪಾನೀ ಯುವಕರನ್ನು ನೋಡಿ: ವಿಶ್ವವಿದ್ಯಾಲಯದ ಪದವಿ ಪಡೆದು, ಕೆಲಸ ಕೊಡುವವರಿಲ್ಲದೆ ಲಾಸ್ ಏಂಜಲೀಸ್‌ನ ಹಣ್ಣಿನ ಅಂಗಡಿಗಳಲ್ಲಿ ಸೇಬು ಜೋಡಿಸುತ್ತಿದ್ದರು. ಯುದ್ಧದ ನಂತರ ಜಮೀನು ಕಳೆದುಕೊಂಡ ಅವರ ಅಪ್ಪಂದಿರು ಬೇರೆಯವರ ಬಂಗಲೆಗಳ ಹುಲ್ಲು ಕತ್ತರಿಸಿದರು. ನಾನ್ ಕೊಡಿಸಿದ ಆ ಕಾಬೂಲಿನ ಎಂಜಿನಿಯರ್ ಅವರ ಸಾಲಿನಲ್ಲಿ ನಿಲ್ಲುವವರು.

ಐದನೇ ಬೀದಿಯಲ್ಲೇ ಜಪಾನೀ ಅಮೆರಿಕನ್ನರ ವಸ್ತುಸಂಗ್ರಹಾಲಯವಿದೆ. ಒಳಗೆ ಹಳೆಯ ಟ್ರ್ಯಾಕ್ಟರುಗಳು, ನೇಗಿಲು, ಹಣ್ಣಿನ ಪೆಟ್ಟಿಗೆ. ಹಿಂದಿನ ಕೋಣೆಗೆ ಕಾಲಿಡುವಾಗ ಸ್ವಲ್ಪ ನಿಧಾನಿಸಿ. ಟೂಲಿ ಲೇಕ್ ಶಿಬಿರದ ಒಂದು ಬ್ಯಾರಕ್ ಕೋಣೆಯನ್ನು ಅಳತೆಗೆ ಅಳತೆ ಮತ್ತೆ ಕಟ್ಟಿದ್ದಾರೆ. ಕಟ್ಟಿದವರು ಜಿಮಿ ಯಮಾಯಿಚಿ, ತಾವೇ ಅಲ್ಲಿ ಸೆರೆಯಾಗಿದ್ದ ಬಡಗಿ. ಕಬ್ಬಿಣದ ಮಂಚ, ಒಂದು ಒಲೆ, ಒಂದೇ ಬಲ್ಬು, ಹಲಗೆಗಳ ನಡುವೆ ಬಿರುಕು. ಆ ಬಿರುಕಿನಿಂದ ದೂಳು ಬಂದು ಮಲಗಿದವರ ಮುಖದ ಮೇಲೆ ಕೂರುತ್ತಿತ್ತು ಎನ್ನುವುದು ಶಿಬಿರಗಳಲ್ಲಿ ಬದುಕಿದ ಅನೇಕರ ನೆನಪು.

ಶಿಬಿರದಿಂದ ಹೊರಗೆ ಬಂದಾಗ ಅವರಿಗೆ ಉಳಿದದ್ದೆಷ್ಟು? ನಷ್ಟ ತುಂಬಿಕೊಡಲು 1948ರಲ್ಲಿ ಒಂದು ಕಾನೂನು ಬಂತು. ಜನ ಕೇಳಿದ್ದು ಸುಮಾರು 14.8 ಕೋಟಿ ಡಾಲರ್, ಸಿಕ್ಕಿದ್ದು 3.7 ಕೋಟಿ. ವಲಸೆ ಬಂದ ಹಿರಿಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು 1952ರಲ್ಲಿ. ಇಪ್ಪತ್ತರ ಹರೆಯದಲ್ಲಿ ಬಂದವರು ಅಷ್ಟರಲ್ಲಿ ಎಪ್ಪತ್ತು ಮುಟ್ಟಿದ್ದರು. ಅದೇ ವರ್ಷ ಜಮೀನು ಕಾನೂನನ್ನು ಕ್ಯಾಲಿಫೋರ್ನಿಯಾದ ನ್ಯಾಯಾಲಯ ತಳ್ಳಿಹಾಕಿತು. ಜಪಾನಿಯರ ಏಳಿಗೆಯ ಗೆರೆ ನೇರವಾಗಿ ಮೇಲೇರುವುದು ಈ ಬಾಗಿಲುಗಳು ತೆರೆದ ಮೇಲೆ. ಇದನ್ನು ಬಿಟ್ಟು ವಿಲಿಯಂ ಪೀಟರ್ಸನ್ ಎಂಬ ಸಮಾಜಶಾಸ್ತ್ರಜ್ಞ 1966ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ವಾರಪತ್ರಿಕೆಯಲ್ಲಿ ಅವರನ್ನು ಯಶಸ್ಸಿನ ಮಾದರಿಯೆಂದು ಕೊಂಡಾಡಿದ. ಮಾದರಿ ಅಲ್ಪಸಂಖ್ಯಾತರು ಎಂಬ ಪಟ್ಟ ಹುಟ್ಟಿದ್ದು ಹಾಗೆ. ಅಂದು ಅದು ಕಪ್ಪು ಜನರ ಹೋರಾಟವನ್ನು ಚುಚ್ಚಲು ಒದಗಿತು, ಇಂದು ಅಫ್ಘನ್ನರನ್ನು ಚುಚ್ಚಲು ಒದಗುತ್ತಿದೆ. ಆ ಪಟ್ಟದಲ್ಲಿ ನಾವು ಭಾರತೀಯರೂ ಈಗ ಪಾಲು ಕೇಳುತ್ತೇವೆ. ನಮ್ಮಲ್ಲಿ ಬಹಳಷ್ಟು ಜನರನ್ನು ಈ ದೇಶ ಡಿಗ್ರಿ ನೋಡಿ, ಕೆಲಸ ನೋಡಿ, ಬಾಗಿಲಲ್ಲೇ ಆರಿಸಿ ಒಳಗೆ ಬಿಟ್ಟಿತು ಎಂಬುದನ್ನು ಮರೆಯುತ್ತೇವೆ. ಯುದ್ಧ ಓಡಿಸಿದವರನ್ನು ಯಾರೂ ಹಾಗೆ ಆರಿಸಲಿಲ್ಲ.

ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದೂ ಸರಿಯಲ್ಲ. ಅಫ್ಘನ್ ಮನೆಗಳಲ್ಲಿ ಮಕ್ಕಳು ಹೆಚ್ಚು, ಹೊರಗೆ ದುಡಿಯುವ ಹೆಂಗಸರು ಕಡಿಮೆ. ಒಬ್ಬನ ಸಂಬಳ ಏಳೆಂಟು ಜನರಿಗೆ ಹಂಚಿಹೋಗುತ್ತದೆ. ನಲವತ್ತು ವರ್ಷದ ಯುದ್ಧ ಮನಸ್ಸಿನಲ್ಲಿ ಬಿಟ್ಟ ಗಾಯಗಳಿವೆ. ಜಪಾನೀ ಹೊಲಗಳಲ್ಲಿ ಹೆಂಡತಿ ಗಂಡನ ಸಮಕ್ಕೆ ದುಡಿದಳು, ಅದಕ್ಕೆ ಕೂಲಿ ಇರಲಿಲ್ಲ. ಆದರೆ ಅವಳು ಹಡಗು ಹತ್ತಿ ಬರಲು ಸಾಧ್ಯವಾದದ್ದೂ ಒಂದು ಒಪ್ಪಂದದಿಂದ. 1908ರ ನಂತರ ಹೊಸ ಕೂಲಿಗಳನ್ನು ತಡೆದ ಅಮೆರಿಕ, ಇಲ್ಲಿರುವವರ ಹೆಂಡಂದಿರಿಗೆ ಹಲವು ವರ್ಷ ದಾರಿ ಬಿಟ್ಟಿತ್ತು. ಭಾವಚಿತ್ರ ನೋಡಿ ಮದುವೆಯಾದ ಸಾವಿರಾರು ವಧುಗಳು ಬಂದರು, ಸಂಸಾರಗಳಾದವು, ಇಲ್ಲೇ ಹುಟ್ಟಿದ ಮಕ್ಕಳಾದರು, ಆ ಮಕ್ಕಳ ಹೆಸರಿಗೆ ಹೊಲವಾಯಿತು. ಟ್ರೇಸಿಯ ಹುಡುಗನ ಹೆಂಡತಿ ಇಸ್ಲಾಮಾಬಾದಿನಲ್ಲೇ ಕೂತಿದ್ದರೆ ಅವನು ಯಾರ ಹೆಸರಿಗೆ ಏನು ಕಟ್ಟಬೇಕು?

ಬಾಗಿಲು ತೆರೆದ ಕಡೆ ಅಫ್ಘನ್ನರು ಏನಾಗಿದ್ದಾರೆ ಎಂಬುದಕ್ಕೆ ಇದೇ ಸ್ಯಾನ್ ಹೊಸೆ ಸಾಕ್ಷಿ. 1980ರಲ್ಲಿ ಆಶ್ರಯ ಪಡೆದು ಇಲ್ಲಿಗೆ ಬಂದ ಒಬ್ಬ ರಾಜತಾಂತ್ರಿಕನ ಕುಟುಂಬ ಸರ್ಕಾರದ ನೆರವಿನಿಂದ ದಿನ ದೂಡಿತು. ತಂದೆ ಡ್ರೈವಿಂಗ್ ಕಲಿಸುವ ಕೆಲಸ ಹಿಡಿದರು. ಹದಿನೈದರ ಮಗ ಇಂಗ್ಲಿಷ್ ಬಾರದೆ ಇಂಡಿಪೆಂಡೆನ್ಸ್ ಹೈಸ್ಕೂಲು ಸೇರಿ, 1993ರಲ್ಲಿ ವೈದ್ಯನಾಗಿ, 2003ರಲ್ಲಿ 'ದ ಕೈಟ್ ರನ್ನರ್' ಬರೆದ. ಖಾಲಿದ್ ಹೊಸೇನಿ ಆತ. ಆ ಕಾದಂಬರಿಯಲ್ಲಿ ಕಾಬೂಲಿನ ಸಿರಿವಂತ ತಂದೆ ಫ್ರೀಮಾಂಟಿನ ಪೆಟ್ರೋಲ್ ಬಂಕಿನಲ್ಲಿ ದುಡಿದು, ಭಾನುವಾರ ಸ್ಯಾನ್ ಹೊಸೆಯ ಹಳೆ ಸಾಮಾನಿನ ಸಂತೆಯಲ್ಲಿ ಅಂಗಡಿ ಹರಡುತ್ತಾನೆ. ರಾಜಕೀಯದಲ್ಲಂತೂ ಅಫ್ಘನ್ನರದು ಬೇಗದ ನಡೆ. ಜಪಾನಿಯರು ಇಲ್ಲಿ ನೆಲೆಯೂರಿ ಎಪ್ಪತ್ತು ಎಂಬತ್ತು ವರ್ಷವಾದ ಮೇಲೆ, 1971ರಲ್ಲಿ, ಅವರಲ್ಲೊಬ್ಬರು ಸ್ಯಾನ್ ಹೊಸೆಯ ಮೇಯರ್ ಆದರು. ಅಫ್ಘನ್ನರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿ ನಲವತ್ತು ಚಿಲ್ಲರೆ ವರ್ಷಕ್ಕೆ, 2022ರಲ್ಲಿ, ಫಾಸ್ಟರ್ ಕೇರ್ ವ್ಯವಸ್ಥೆಯಲ್ಲಿ ಬೆಳೆದು ಫ್ರೀಮಾಂಟಿನ ಅಫ್ಘನ್ ದಂಪತಿಗೆ ದತ್ತುಮಗಳಾದ ಆಯಿಷಾ ವಹಾಬ್ ರಾಜ್ಯದ ಸೆನೆಟ್ಟಿಗೆ ಗೆದ್ದರು. ಜಾತಿ ತಾರತಮ್ಯದ ವಿರುದ್ಧ ಅವರು 2023ರಲ್ಲಿ ಮಂಡಿಸಿದ ಮಸೂದೆ ಇಲ್ಲಿನ ಕನ್ನಡಿಗರಲ್ಲೂ ಬಿಸಿ ಚರ್ಚೆ ಎಬ್ಬಿಸಿತ್ತು. ಎರಡೂ ಸದನ ದಾಟಿದ ಅದನ್ನು ರಾಜ್ಯಪಾಲರು ವೀಟೊ ಮಾಡಿದರು. ಅತ್ತ ಕಾಬೂಲಿನಲ್ಲಿ ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮೇಲೆ ಶಾಲೆಯೇ ಇಲ್ಲ. ಓಲೋನಿ ಕಾಲೇಜಿಗೆ ಬಸ್ಸು ಹತ್ತುವ ಎಂಜಿನಿಯರರ ಆ ಮಗಳನ್ನು ಯಾವ ಆದಾಯದ ಪಟ್ಟಿಯೂ ಇನ್ನೂ ಲೆಕ್ಕಕ್ಕೆ ತಂದಿಲ್ಲ.

1971ರ ಆ ಮೇಯರ್ ನಾರ್ಮನ್ ಮಿನೆಟಾ. ಈ ಜಪಾನ್‌ಟೌನ್ ಪೇಟೆಯ ಹುಡುಗ. 1942ರಲ್ಲಿ ಕಬ್ ಸ್ಕೌಟ್ ಸಮವಸ್ತ್ರ ತೊಟ್ಟು ರೈಲು ಹತ್ತುವಾಗ ಅವನ ಬೇಸ್‌ಬಾಲ್ ಬ್ಯಾಟನ್ನು ಸೈನಿಕರು ಆಯುಧವೆಂದು ಕಿತ್ತುಕೊಂಡರು. ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದಲ್ಲಿ ಸೆರೆಯಾಗಿದ್ದ. ಮುಂದೆ ಸಂಸದನಾಗಿ 1988ರ ಕ್ಷಮಾಪಣೆಯ ಕಾನೂನಿಗೆ ದುಡಿದ. ಅಧ್ಯಕ್ಷ ರೇಗನ್ ಸಹಿ ಹಾಕಿದ ಆ ಕಾನೂನು ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. 2001ರ ಸೆಪ್ಟೆಂಬರ್ 11ರಂದು ಆತನೇ ದೇಶದ ಸಾರಿಗೆ ಸಚಿವ. ಮುಸ್ಲಿಮರನ್ನು, ಅರಬರನ್ನು ಮುಖ ನೋಡಿ ವಿಮಾನದಿಂದ ಇಳಿಸಬೇಡಿ ಎಂದು ಅದೇ ತಿಂಗಳು ವಿಮಾನ ಕಂಪನಿಗಳಿಗೆ ಪತ್ರ ಹೋಯಿತು. ಆ ವರ್ಷವೇ ಸ್ಯಾನ್ ಹೊಸೆಯ ವಿಮಾನ ನಿಲ್ದಾಣಕ್ಕೆ ಆತನ ಹೆಸರಿಟ್ಟರು. ಕಾಬೂಲಿನ ಎಂಜಿನಿಯರು ದಿನವೂ ಪ್ರಯಾಣಿಕರನ್ನು ಇಳಿಸಿಬರುವುದು ಅಲ್ಲಿಗೇ.

ಫೆಬ್ರವರಿ 19ರ ಆಸುಪಾಸಿನ ಒಂದು ಸಂಜೆ ಬೌದ್ಧ ದೇಗುಲದ ಸಭಾಂಗಣದಲ್ಲಿ ಇಲ್ಲಿನವರು ಸ್ಮರಣೆಯ ದಿನ ಆಚರಿಸುತ್ತಾರೆ. ಸ್ಯಾನ್ ಹೊಸೆ ತೈಕೊ ತಂಡದ ಡೋಲು ಎದೆಗೆ ಬಡಿಯುತ್ತದೆ. ಆಮೇಲೆ ಎಲ್ಲರೂ ಮೇಣದ ಬತ್ತಿ ಹಿಡಿದು ಪೇಟೆಯ ಬೀದಿಗಳನ್ನು ಸುತ್ತುತ್ತಾರೆ. 2001ರ ನಂತರ ವೇದಿಕೆಗೆ ಮುಸ್ಲಿಂ ನೆರೆಯವರನ್ನೂ ಕರೆಯುತ್ತ ಬಂದಿದ್ದಾರೆ. ಶಿಬಿರಕ್ಕೆ ಹೋಗುವಾಗ ತಮ್ಮ ಪರ ಮಾತಾಡಿದವರು ಬೆರಳೆಣಿಕೆಯಷ್ಟು ಎಂಬುದು ಅವರಿಗೆ ಗೊತ್ತು. ಹೋಲಿಕೆಯಿಂದ ಹಿರಿಮೆ ಪಡೆಯಬಹುದಾಗಿದ್ದ ಜಪಾನೀ ಅಮೆರಿಕನ್ನರೇ ಅಫ್ಘನ್ನರಲ್ಲಿ ತಮ್ಮ ಅಜ್ಜ ಅಜ್ಜಿಯರನ್ನು ಕಾಣುತ್ತಿದ್ದಾರೆ. ಎರಡೂ ಕಥೆ ಒಂದೇ ನೆಲದಲ್ಲಿ ಕೂಡಿದ್ದೂ ಇದೆ: 2021ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಅಫ್ಘನ್ನರನ್ನು ಇಳಿಸಿದ ವಿಸ್ಕಾನ್ಸಿನ್‌ನ ಮೆಕಾಯ್ ಸೈನಿಕ ನೆಲೆಯಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನೀ ವಲಸಿಗರನ್ನು ಸೆರೆಯಿಟ್ಟಿದ್ದರು. ಅದೇ ನೆಲೆಯಲ್ಲಿ ಅಮೆರಿಕದ ಪರ ಹೋರಾಡಲು ಹವಾಯಿಯ ನಿಸೇ ಸೈನಿಕರು ತರಬೇತಿ ಪಡೆದಿದ್ದರು.

ಅಫ್ಘನ್ ನಿರಾಶ್ರಿತರಿಗೆ ಕಾಯಂ ನೆಲೆಯ ಹಕ್ಕು ಕೊಡುವ ಮಸೂದೆ 2022ರ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಮೊದಲ ಸಲ ಬಂತು. ಇನ್ನೂ ಕಾನೂನಾಗಿಲ್ಲ. ಜಪಾನಿಯರಿಗೆ ಆದ ಅನ್ಯಾಯವನ್ನು ದೇಶ ಒಪ್ಪಿಕೊಳ್ಳಲು 46 ವರ್ಷ ಹಿಡಿಯಿತು, ಅಷ್ಟರಲ್ಲಿ ಸೆರೆಯಾದವರಲ್ಲಿ ಬಹಳ ಜನ ತೀರಿಹೋಗಿದ್ದರು. ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕೂತ ನೋವು ಫ್ರೀಮಾಂಟಿನ ಕನ್ನಡಿಗರಿಗೆ ಹೊಸದಲ್ಲ. ಕಾಗದ ಬಾರದ ಮನೆಯಲ್ಲಿ ಏನೇನು ನಿಂತುಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮಲ್ಲಿ ವೋಟಿರುವವರು ನಿಮ್ಮ ಸಂಸದರಿಗೆ ಈ ಮಸೂದೆಯ ಬಗ್ಗೆ ಒಂದು ಪತ್ರ ಬರೆಯಿರಿ, ಒಂದು ಫೋನು ಮಾಡಿ. ಈ ವರ್ಷವೇ ಮಾಡಿ.